ಕ್ರೌನ್–ಪಿನಿಯನ್ ಬದಲಿಸಿದರೆ ಮೈಲೇಜ್ ಏರುತ್ತದೆಯೇ?

ಪಿಕಪ್ ಟ್ರಕ್ಕಿನ ಹಿಂದಿನ ಆಕ್ಸಲ್ ಹೌಸಿಂಗ್ ಒಳಗೆ ಎರಡು ಗೇರ್‌ಗಳು ಸದಾ ಕಚ್ಚಿಕೊಂಡಿರುತ್ತವೆ. ಪ್ರೊಪೆಲರ್ ಶಾಫ್ಟಿನ ಕಡೆಗೆ ಚಿಕ್ಕ ಪಿನಿಯನ್, ಚಕ್ರಗಳ ಕಡೆಗೆ ದೊಡ್ಡ ಕ್ರೌನ್. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11 ಹಲ್ಲು ಇದ್ದರೆ ಅನುಪಾತ 3.73, ಅದೇ 41ಕ್ಕೆ 10 ಹಲ್ಲಿನ ಪಿನಿಯನ್ ಜೋಡಿಸಿದರೆ 4.10. ಚಕ್ರ ಒಂದು ಸುತ್ತು ಬರಲು ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು. ಚಿಕ್ಕದಾದಷ್ಟೂ ಅದೇ ವೇಗಕ್ಕೆ ಇಂಜಿನ್ ನಿಧಾನವಾಗಿ ತಿರುಗುತ್ತದೆ. ಅಮೆರಿಕದಲ್ಲಿ ಒಂದೇ ಪಿಕಪ್ಪನ್ನು ಹಲವು ಅನುಪಾತಗಳಲ್ಲಿ ಮಾರುವುದು ರೂಢಿ. ಫೋರ್ಡ್ ಎಫ್-150 ಟ್ರಕ್ 3.15, 3.31, 3.55, 3.73 ಅನುಪಾತಗಳಲ್ಲಿ ಬಂದಿದೆ. ದೊಡ್ಡ ಟ್ರೇಲರ್ ಎಳೆಯುವವರು ದೊಡ್ಡ ಸಂಖ್ಯೆ ಆರಿಸುತ್ತಾರೆ, ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಚಿಕ್ಕದನ್ನು. ಹಳೆಯ ಟ್ರಕ್ ಕೊಂಡವರಿಗೆ ಆ ಆಯ್ಕೆ ಸಿಗುವುದಿಲ್ಲ. ಗೇರ್ ಜೋಡಿಯನ್ನೇ ಬದಲಿಸಿ ಪೆಟ್ರೋಲ್ ಉಳಿಸಬಹುದೇ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಇರುವ ಅನುಪಾತ ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಗೇರನ್ನು ನ್ಯೂಟ್ರಲ್‌ಗೆ ತಂದು, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹಿಂದಿನ ಒಂದು ಚಕ್ರವನ್ನಷ್ಟೇ ಜಾಕ್ ಮೇಲೆ ಎತ್ತಿ ಭದ್ರವಾಗಿ ನಿಲ್ಲಿಸಬೇಕು. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಲಾಕ್ ಆಗದ ಸಾಮಾನ್ಯ ಡಿಫರೆನ್ಷಿಯಲ್ ಆಗಿದ್ದರೆ, ಅಷ್ಟರಲ್ಲಿ ಶಾಫ್ಟ್ ತಿರುಗಿದ ಸುತ್ತುಗಳೇ ಅನುಪಾತ. ಮೂರು ಮುಕ್ಕಾಲಿಗೆ ಕೂದಲೆಳೆ ಕಡಿಮೆ ಬಂದರೆ ಅದು 3.73.

80 ಸೆಂಟಿಮೀಟರ್ ವ್ಯಾಸದ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 663 ಸುತ್ತು ತಿರುಗುತ್ತದೆ. ಟಾಪ್ ಗೇರ್ 0.70 ಇರುವ ಟ್ರಕ್ಕಿನಲ್ಲಿ 4.10 ಆಕ್ಸಲ್ ಇದ್ದರೆ ಇಂಜಿನ್ ಸುಮಾರು 1,900 ಆರ್‌ಪಿಎಂನಲ್ಲಿ ಓಡುತ್ತದೆ, 3.73 ಹಾಕಿದರೆ 1,730ಕ್ಕೆ ಇಳಿಯುತ್ತದೆ. ಇಳಿಕೆ ಶೇ 9. ಹಾಗೆಂದು ಪೆಟ್ರೋಲ್ ಶೇ 9 ಉಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲೇ.

ಗಾಳಿಯನ್ನು ಸೀಳಲು, ಟೈರನ್ನು ಉರುಳಿಸಲು ಬೇಕಾದ ಶಕ್ತಿ ಗೇರಿನಿಂದ ಕಡಿಮೆಯಾಗದು. ಅದನ್ನು ನಿರ್ಧರಿಸುವುದು ಟ್ರಕ್ಕಿನ ಗಾತ್ರ, ತೂಕ, ವೇಗ. ಗೇರ್ ಬದಲಾದಾಗ ಬದಲಾಗುವುದು ಅದೇ ಶಕ್ತಿಯನ್ನು ಇಂಜಿನ್ ಹೇಗೆ ಹುಟ್ಟಿಸುತ್ತದೆ ಎಂಬುದಷ್ಟೇ. ನಿಧಾನವಾಗಿ ತಿರುಗುವ ಇಂಜಿನ್‌ನಲ್ಲಿ ಪಿಸ್ಟನ್, ಬೇರಿಂಗುಗಳ ಘರ್ಷಣೆ ಕಡಿಮೆ. ಅಷ್ಟೇ ಶಕ್ತಿಗೆ ಥ್ರಾಟಲ್ ಇನ್ನಷ್ಟು ತೆರೆದುಕೊಳ್ಳುವುದರಿಂದ, ಅರೆಮುಚ್ಚಿದ ದಾರಿಯಲ್ಲಿ ಗಾಳಿಯನ್ನು ಹೀರಲು ವ್ಯರ್ಥವಾಗುತ್ತಿದ್ದ ಶ್ರಮವೂ ತಗ್ಗುತ್ತದೆ. ಉಳಿತಾಯ ಬರುವುದು ಈ ಎರಡರಿಂದ, ಅದೂ ಸಮ ವೇಗದ ಹೆದ್ದಾರಿ ಓಟದಲ್ಲಿ. ಡೀಸೆಲ್ ಇಂಜಿನ್ ಥ್ರಾಟಲ್‌ನಿಂದ ಗಾಳಿಯನ್ನು ಕಟ್ಟಿಹಾಕಿ ಓಡುವುದಿಲ್ಲವಾದ್ದರಿಂದ ಅದಕ್ಕೆ ಸಿಗುವ ಲಾಭ ಇನ್ನೂ ಚಿಕ್ಕದು. ನಿಂತು ನಿಂತು ಸಾಗುವ ಊರೊಳಗೆ ಟಾಪ್ ಗೇರ್‌ಗೆ ಕೆಲಸವೇ ಕಡಿಮೆ.

ಸಂಖ್ಯೆಯನ್ನು ಅತಿಯಾಗಿ ಇಳಿಸಿದರೆ ಫಲ ತಿರುಗುಮುರುಗಾಗುತ್ತದೆ. ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನಾಲ್ಕು ಗೇರಿನ 4ಎಲ್60ಇ ಆಟೊಮ್ಯಾಟಿಕ್‌ನಲ್ಲಿ ಮೂರನೇ ಗೇರ್ 1.00, ನಾಲ್ಕನೆಯದು 0.70. ಇದರ ಹಿಂದೆ 3.08 ಆಕ್ಸಲ್ ಹಾಕಿದರೆ ಸಮತಟ್ಟಿನಲ್ಲಿ ಅದೇ 100 ಕಿಲೋಮೀಟರ್ ವೇಗಕ್ಕೆ 1,430 ಆರ್‌ಪಿಎಂ ಸಾಕು. ಆದರೆ ಎದುರುಗಾಳಿ ಬಂದರೆ, ಏರು ಸಿಕ್ಕರೆ, ಹಿಂದೆ ಟ್ರೇಲರ್ ಇದ್ದರೆ ಇಂಜಿನ್ ಎಳೆಯಲಾರದೆ ಮೂರಕ್ಕೆ ಇಳಿಯುತ್ತದೆ. ಆಗ 2,040 ಆರ್‌ಪಿಎಂ. 3.73 ಆಕ್ಸಲ್‌ನ ಟ್ರಕ್ ಅದೇ ಏರನ್ನು ಟಾಪ್ ಗೇರ್‌ನಲ್ಲೇ 1,730ರಲ್ಲಿ ಹತ್ತಬಹುದಿತ್ತು. ಹೊರೆ ಹೊರುವ ಟ್ರಕ್ಕಿಗೆ 3.08 ಹಾಕುವುದು ತಪ್ಪು ನಿರ್ಧಾರವೇ ಸರಿ.

ಓವರ್‌ಡ್ರೈವ್, ಅಂದರೆ 1.00ಕ್ಕಿಂತ ಚಿಕ್ಕ ಗೇರ್, ಇಲ್ಲದ ಮೂರು ಗೇರಿನ ಕಾಲದಲ್ಲಿ ಮಾತ್ರ ಆಕ್ಸಲ್ ಬದಲಾವಣೆಗೆ ನಿಜವಾದ ತೂಕವಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ, ಅಮೆರಿಕ ದೇಶದಾದ್ಯಂತ ಗಂಟೆಗೆ 55 ಮೈಲಿಯ ಮಿತಿ ತಂದಿತು. ಆ ವೇಗದಲ್ಲಿ, ಅದೇ 80 ಸೆಂಟಿಮೀಟರ್ ಟೈರಿನ ಮೇಲೆ, 1.00 ಟಾಪ್ ಗೇರ್ ಮತ್ತು 3.73 ಆಕ್ಸಲ್‌ನ ಟ್ರಕ್ ಸುಮಾರು 2,190 ಆರ್‌ಪಿಎಂನಲ್ಲಿ ಓಡಿದರೆ, 2.73 ಆಕ್ಸಲ್‌ನದು 1,600ರಲ್ಲಿ ಓಡುತ್ತಿತ್ತು. ಇಂದು ಆ ಕೆಲಸವನ್ನು ಗೇರ್‌ಬಾಕ್ಸೇ ಮಾಡುತ್ತದೆ. 2017ರಲ್ಲಿ ಎಫ್-150ಕ್ಕೆ ಬಂದ ಹತ್ತು ಗೇರಿನ ಆಟೊಮ್ಯಾಟಿಕ್‌ನಲ್ಲಿ ಮೊದಲ ಗೇರ್ 4.69, ಹತ್ತನೆಯದು 0.64. 3.15 ಆಕ್ಸಲ್ ಜೊತೆಗೂ ಅದರ ಮೊದಲ ಗೇರಿನ ಒಟ್ಟು ಅನುಪಾತ 14.8 ಆಗುತ್ತದೆ, 4.10 ಆಕ್ಸಲ್‌ನ 4ಎಲ್60ಇಗೆ ಸಿಗುವುದು 12.5 ಮಾತ್ರ. ಎಳೆತವೂ ಓಟವೂ ಒಟ್ಟಿಗೇ ಸಿಕ್ಕಿರುವ ಇಂಥ ಟ್ರಕ್ಕಿನ ಆಕ್ಸಲ್‌ಗೆ ಮೈಲೇಜ್ ಆಸೆಯಿಂದ ಕೈ ಹಾಕುವುದು ವ್ಯರ್ಥ.

ಖರ್ಚನ್ನೂ ನೋಡಬೇಕು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ನ ಜೋಡಿಯನ್ನೂ ಅದೇ ಅನುಪಾತಕ್ಕೆ ಬದಲಿಸಲೇಬೇಕು; ಇಲ್ಲದಿದ್ದರೆ ಮುಂದು-ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗಾಡುತ್ತವೆ. ಕೆಲಸವೂ ನಾಜೂಕಿನದು. ಮೆಕ್ಯಾನಿಕ್ ಕ್ರೌನ್‌ನ ಹಲ್ಲುಗಳಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಪಿನಿಯನ್ ಒತ್ತಿದ ಗುರುತು ಹಲ್ಲಿನ ನಡುವೆ ಬೀಳುವವರೆಗೆ ತೆಳು ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಕೂರಬೇಕು. ಗುರುತು ಅಂಚಿಗೆ ಸರಿದಿದ್ದರೆ ಆಕ್ಸಲ್ ಊಳಿಡಲು ತೊಡಗುತ್ತದೆ. ಎರಡೂ ಆಕ್ಸಲ್‌ಗಳಿಗೆ 2,000 ಡಾಲರ್ ತಗಲಿತು, ಪೆಟ್ರೋಲ್‌ನಲ್ಲಿ ಶೇ 4ರಷ್ಟು ಉಳಿಯಿತು ಎಂದು ಹಿಡಿದರೂ, ಲೀಟರಿಗೆ 8.5 ಕಿಲೋಮೀಟರ್ ಕೊಡುವ ಟ್ರಕ್ ವರ್ಷಕ್ಕೆ 20,000 ಕಿಲೋಮೀಟರ್ ಓಡಿದಾಗ ಉಳಿಯುವುದು ಸುಮಾರು 94 ಲೀಟರ್. ಗ್ಯಾಲನ್‌ಗೆ 3 ಡಾಲರ್ ದರದಲ್ಲಿ 75 ಡಾಲರ್. ಹಾಕಿದ ಹಣ ಹಿಂದಿರುಗಲು 26 ವರ್ಷಕ್ಕೂ ಹೆಚ್ಚು ಬೇಕು.

35 ಇಂಚಿನ ದೊಡ್ಡ ಟೈರು ಹಾಕಿಸಿಕೊಂಡವರ ಪ್ರಶ್ನೆ ಬೇರೆ. 31.5 ಇಂಚಿನ ಟೈರಿಗೆ ಹೊಂದಿದ್ದ 3.73 ಆಕ್ಸಲ್, ಟೈರು ಬದಲಾದ ಮೇಲೆ 3.36ರಂತೆ ವರ್ತಿಸುತ್ತದೆ. ಟ್ರಕ್ ಭಾರವಾಗಿ, ಏರಿನಲ್ಲಿ ಗೇರ್‌ನಿಂದ ಗೇರ್‌ಗೆ ತಡಕಾಡುತ್ತದೆ. ಇವರಿಗೆ ಬೇಕಿರುವುದು 4.10ರಂತಹ ದೊಡ್ಡ ಸಂಖ್ಯೆ. ಕಳೆದುಕೊಂಡ ಎಳೆತ ಅದರಿಂದ ಮರಳಿ ಬರುತ್ತದೆ.

ಬದಲಾವಣೆಯ ಫಲವನ್ನು ಅಳೆಯುವಾಗ ಓಡೋಮೀಟರನ್ನು ನಂಬುವಂತಿಲ್ಲ. ವೇಗದ ಸೆನ್ಸರ್ ಗೇರ್‌ಬಾಕ್ಸಿನ ಹಿಂಬದಿಯಲ್ಲಿರುವ ಟ್ರಕ್‌ಗಳು ಶಾಫ್ಟಿನ ಸುತ್ತುಗಳನ್ನೇ ದೂರವೆಂದು ಎಣಿಸುತ್ತವೆ. 4.10ರಿಂದ 3.55ಕ್ಕೆ ಬಂದ ಟ್ರಕ್ 100 ಕಿಲೋಮೀಟರ್ ಓಡಿದರೆ ಮೀಟರ್ ತೋರಿಸುವುದು 87. ಮೈಲೇಜ್ ಏರಿದ್ದರೂ ಇಳಿದಂತೆ ಕಾಣುತ್ತದೆ. ಅದೇ 3.55ರಿಂದ 4.10ಕ್ಕೆ ಹೋದರೆ 100 ಇದ್ದದ್ದು 115 ಆಗಿ, ಇಲ್ಲದ ಉಳಿತಾಯ ಕಾಣಿಸುತ್ತದೆ. ಮೀಟರನ್ನು ಹೊಸ ಅನುಪಾತಕ್ಕೆ ಹೊಂದಿಸಿ, ದೂರವನ್ನು ಜಿಪಿಎಸ್‌ನಲ್ಲಿ ತಾಳೆ ನೋಡಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿಬಂದು, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಹಲವು ಸಲ ಲೆಕ್ಕ ಹಾಕಿದಾಗ ಬರುವ ಅಂಕಿ ಮಾತ್ರ ನಿಜವಾದದ್ದು.