ಕೃತಕ ಉಸಿರಾಟ ಯಂತ್ರವನ್ನು ಅವಲಂಬಿಸಿದ ರೋಗಿಗಳು: ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಪ್ರಧಾನವಾಗಿ ಕೃಷಿಯನ್ನು ಅವಲಂಬಿಸಿರುತ್ತವೆ. ಭತ್ತ, ಗೋವಿನಜೋಳ, ಹತ್ತಿ ಬೆಳೆಯುವ ಈ ಪ್ರದೇಶದಲ್ಲಿ ಹಾವು ಕಡಿತ ಮತ್ತು ಕೀಟನಾಶಕದ ವಿಷ ಎಂಬ ಎರಡು ಅಪಾಯಗಳು ಆರೋಗ್ಯವಂತ ವ್ಯಕ್ತಿಯ ಉಸಿರಾಟವನ್ನು ಕೆಲವೇ ಗಂಟೆಗಳಲ್ಲಿ ನಿಲ್ಲಿಸಬಲ್ಲವು. ಇಂತಹ ರೋಗಿಗಳಿಗೆ ವೆಂಟಿಲೇಟರ್ ಅಳವಡಿಸಿದಾಗ ಕುಟುಂಬದವರು ತಿಳಿದಿರಬೇಕಾದ ವಿಷಯಗಳನ್ನೂ ದೊರೆಯುವ ಸೌಲಭ್ಯಗಳನ್ನೂ ಇಲ್ಲಿ ವಿವರಿಸಲಾಗಿದೆ.

ವೆಂಟಿಲೇಟರ್ ಎಂದರೇನು?

ಆಮ್ಲಜನಕದ ಸಿಲಿಂಡರ್ ಮತ್ತು ವೆಂಟಿಲೇಟರ್ ಒಂದೇ ಅಲ್ಲ. 2020-21ರ ಕೋವಿಡ್ ಅವಧಿಯಲ್ಲಿ ಈ ಎರಡೂ ಪದಗಳು ಮನೆಮಾತಾದರೂ ಗೊಂದಲ ಉಳಿದುಕೊಂಡಿದೆ. ಮೂಗಿಗೆ ನಳಿಕೆ ಅಥವಾ ಮಾಸ್ಕ್ ಇಟ್ಟು ಆಮ್ಲಜನಕ ನೀಡಿದಾಗ ಉಸಿರೆಳೆಯುವ ಕೆಲಸವನ್ನು ರೋಗಿಯೇ ಮಾಡಬೇಕಾಗುತ್ತದೆ. ಉಸಿರೆಳೆಯುವ ಸ್ನಾಯುಗಳೇ ಸೋತಾಗ ಗಂಟಲಿನ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸಿ, ಯಂತ್ರದ ಸಹಾಯದಿಂದ ಗಾಳಿಯನ್ನು ಶ್ವಾಸಕೋಶಕ್ಕೆ ತುಂಬಲಾಗುತ್ತದೆ. ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ. ದೇಹ ಚೇತರಿಸಿಕೊಳ್ಳುವವರೆಗೆ ಕಾಲಾವಕಾಶ ಒದಗಿಸುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿದಾಗ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕೈಯಿಂದ ರಬ್ಬರ್ ಚೀಲ ಒತ್ತಿ ರೋಗಿಗಳಿಗೆ ಉಸಿರು ನೀಡಿದ್ದರು. ತುರ್ತು ವಾಹನದಲ್ಲಿ ಸಿಬ್ಬಂದಿ ಚೀಲ ಒತ್ತುತ್ತಾ ರೋಗಿಯನ್ನು ಸಾಗಿಸುವುದೂ ಇದೇ ವಿಧಾನ. ಅದನ್ನು ಕಂಡು ಯಂತ್ರವಿಲ್ಲವೆಂದು ಗಾಬರಿಯಾಗುವ ಅಗತ್ಯವಿಲ್ಲ.

ಯಂತ್ರ ಹಾಕಿದರೆ ಮುಗಿಯಿತೇ?

"ಮಷೀನ್ ಹಾಕಿದರೆಂದರೆ ಮುಗೀತು" ಎಂಬ ಮಾತು ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಈ ನಂಬಿಕೆಯಿಂದಲೂ ವೆಚ್ಚದ ಭಯದಿಂದಲೂ ಕೆಲವರು ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಮಾಡಿ ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ. ಹಾವು ಕಡಿತ ಮತ್ತು ಕೀಟನಾಶಕದ ಪ್ರಕರಣಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಕಟ್ಟು ಹಾವು ಸಾಮಾನ್ಯವಾಗಿ ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಊತವಾಗಲಿ ಹೆಚ್ಚು ಇರುವುದಿಲ್ಲ. ಎಷ್ಟೋ ಸಲ ಗಾಯವೂ ಕಾಣಿಸದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ನುಂಗಲು ಕಷ್ಟವಾಗುವುದು ಇದರ ಲಕ್ಷಣಗಳು. ಅನಂತರ ಉಸಿರಾಟದ ಸ್ನಾಯುಗಳು ಸ್ತಬ್ಧಗೊಳ್ಳುತ್ತವೆ. ಆ ಸ್ಥಿತಿಯಲ್ಲಿ ರೋಗಿ ಕಣ್ಣು ತೆರೆಯಲಾರ, ಬೆರಳು ಅಲ್ಲಾಡಿಸಲಾರ. ನೋಡಿದವರಿಗೆ ಪ್ರಾಣ ಹೋದಂತೆಯೇ ತೋರುತ್ತದೆ. ಆದರೆ ಆತನಿಗೆ ಪ್ರಜ್ಞೆಯಿದ್ದು, ಹಾಸಿಗೆಯ ಬಳಿ ಆಡುವ ಮಾತು ಕೇಳಿಸುತ್ತಿರಬಹುದು. ವಿಷವು ನರಗಳ ತುದಿಗೆ ಮಾಡಿದ ಹಾನಿಯನ್ನು ಪ್ರತಿವಿಷವು ಹಿಂತಿರುಗಿಸಲಾರದು. ಅದು ತಾನಾಗಿ ಸರಿಹೋಗಲು ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟು ದಿನ ಉಸಿರು ಉಳಿಸಿಕೊಂಡವರು ಎದ್ದು ನಡೆದು ಮನೆಗೆ ಬರುವುದು ಸಾಧ್ಯ.

ಕೀಟನಾಶಕದಲ್ಲಿ ಅಪಾಯದ ಸ್ವರೂಪ ಬೇರೆ. ಬೆಳೆಗೆ ಹೊಡೆಯುವ ಎಣ್ಣೆಗಳ ಪೈಕಿ ಆರ್ಗನೊಫಾಸ್ಫೇಟ್ ವರ್ಗದವು ದೇಹ ಸೇರಿದಾಗ, ಮೊದಲ ಚಿಕಿತ್ಸೆಯಿಂದ ಚೇತರಿಸಿಕೊಂಡು ಮಾತನಾಡುತ್ತಿದ್ದ ರೋಗಿಗೆ 1ರಿಂದ 4 ದಿನಗಳೊಳಗೆ ಕತ್ತಿನ ಹಾಗೂ ಉಸಿರಾಟದ ಸ್ನಾಯುಗಳು ಹಠಾತ್ತನೆ ದುರ್ಬಲವಾಗಬಹುದು. ಆದುದರಿಂದ ಎರಡನೆಯ ದಿನ ರೋಗಿ ಚೆನ್ನಾಗಿ ಕಂಡರೂ ವೈದ್ಯರು ಬಿಡುಗಡೆ ಮಾಡುವವರೆಗೆ ಕರೆದೊಯ್ಯತಕ್ಕದ್ದಲ್ಲ. ಎಣ್ಣೆಯ ಬಾಟಲಿಯನ್ನು ಅಥವಾ ಅದರ ಚೀಟಿಯನ್ನು ಆಸ್ಪತ್ರೆಗೆ ತರತಕ್ಕದ್ದು. ಪೊಲೀಸ್ ಪ್ರಕರಣದ ಭಯದಿಂದ ವಿಷಯ ಮುಚ್ಚಿಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 115ನೇ ಪ್ರಕರಣದನ್ವಯ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಬೇಕೇ ಹೊರತು ಆತನನ್ನು ಶಿಕ್ಷಿಸುವಂತಿಲ್ಲ. ಮನಸ್ಸಿನ ಸಂಕಟದಲ್ಲಿರುವವರು ಮತ್ತು ಅವರ ಮನೆಯವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮೊದಲು ಎಲ್ಲಿಗೆ?

ಹಾವು ಕಚ್ಚಿದಾಗ ನೇರವಾಗಿ ಹುಬ್ಬಳ್ಳಿಗೆ ಹೊರಡುವುದು ಸಾಮಾನ್ಯ ಪ್ರವೃತ್ತಿ. ಹೆದ್ದಾರಿಯ ಮೇಲಿರುವ ಶಿಗ್ಗಾಂವದವರಿಗೆ ಆ ದಾರಿ ಹತ್ತಿರವೆನಿಸಬಹುದು. ಹಾನಗಲ್ ತಾಲ್ಲೂಕಿನ ತಿಳವಳ್ಳಿಯವರಿಗಾಗಲಿ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯವರಿಗಾಗಲಿ ಹಾಗಲ್ಲ. ಮೊದಲು ಸಮೀಪದ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಪ್ರತಿವಿಷದ ಚುಚ್ಚುಮದ್ದನ್ನು ಅಲ್ಲಿಯೇ ಆರಂಭಿಸಿ, ಅಗತ್ಯವಿದ್ದರೆ ಉಸಿರಾಟದ ನಳಿಕೆ ಅಳವಡಿಸಿ, ಅನಂತರ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಅಥವಾ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗೆ ಕಳುಹಿಸುವುದು ಸುರಕ್ಷಿತ. ಉಸಿರು ನಿಲ್ಲುವ ಹಂತದ ರೋಗಿಯನ್ನು ಬಾಡಿಗೆ ಕಾರಿನಲ್ಲಿ ಸಾಗಿಸಬಾರದು. 108ಕ್ಕೆ ಕರೆ ಮಾಡಿದಾಗ ರೋಗಿಗೆ ಉಸಿರಾಟದ ತೊಂದರೆಯಿದೆ ಎಂದು ಮೊದಲ ವಾಕ್ಯದಲ್ಲಿಯೇ ತಿಳಿಸಬೇಕು. ಎಲ್ಲ ವಾಹನಗಳಲ್ಲಿಯೂ ವೆಂಟಿಲೇಟರ್ ಇರುವುದಿಲ್ಲ.

ವೆಚ್ಚ ಮತ್ತು ದಾಖಲೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ (2018) ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ.ಗಳ ಮಿತಿಯಲ್ಲಿ ಭರಿಸಲಾಗುತ್ತದೆ. ಸಾಮಾನ್ಯ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯೋಜನೆಯಲ್ಲಿ ಗುರುತಿಸಿರುವ ತುರ್ತು ಚಿಕಿತ್ಸೆಗಳಿಗೆ ಬೇಕಿಲ್ಲ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಭೇಟಿಯಾಗತಕ್ಕದ್ದು. ಹಣ ಕಟ್ಟಿದ ಮೇಲೆ ಚೀಟಿ ಹುಡುಕಲು ಊರಿಗೆ ಮರಳುವವರೇ ಹೆಚ್ಚು. ತುರ್ತು ಸ್ಥಿತಿಯಲ್ಲಿ ಖಾಸಗಿ ಆಸ್ಪತ್ರೆಗಳು ಮುಂಗಡಕ್ಕಾಗಿ ಒತ್ತಾಯಿಸುವಂತಿಲ್ಲ. ಯೋಜನೆಯ ಮಾಹಿತಿಗೆ 14555.

ದೀರ್ಘಕಾಲದ ಅವಲಂಬನೆ

ಬೆನ್ನುಹುರಿಗೆ ಪೆಟ್ಟಾದವರು, ಸ್ನಾಯುಕ್ಷಯ ಮೊದಲಾದ ಕಾಯಿಲೆಯುಳ್ಳವರು ತಿಂಗಳುಗಟ್ಟಲೆ ಅಥವಾ ಜೀವನಪರ್ಯಂತ ಯಂತ್ರವನ್ನು ಅವಲಂಬಿಸಬೇಕಾಗಬಹುದು. ಮನೆಯಲ್ಲಿ ಯಂತ್ರ ಬಳಸುವ ಕುಟುಂಬಗಳು ವಿದ್ಯುತ್ ಕಡಿತವನ್ನು ಗಮನದಲ್ಲಿಟ್ಟು ಬ್ಯಾಟರಿ ವ್ಯವಸ್ಥೆಯನ್ನೂ ಕೈಯಿಂದ ಒತ್ತುವ ಚೀಲವನ್ನೂ ಹಾಸಿಗೆಯ ಬಳಿ ಇರಿಸಿ, ಮನೆಯ ಕನಿಷ್ಠ ಇಬ್ಬರು ಚೀಲದ ಬಳಕೆಯನ್ನು ಬಿಡುಗಡೆಗೆ ಮುನ್ನ ಆಸ್ಪತ್ರೆಯಲ್ಲಿಯೇ ಕಲಿಯತಕ್ಕದ್ದು. ವಿದ್ಯುತ್ ದೂರಿಗೆ ಹೆಸ್ಕಾಂ ಸಹಾಯವಾಣಿ 1912.

ಚೇತರಿಕೆಯ ಸಾಧ್ಯತೆಯೇ ಇಲ್ಲದ ರೋಗಿಯ ಯಂತ್ರ ತೆಗೆಯುವ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ 2018 ಮತ್ತು 2023ರ ಆದೇಶಗಳನ್ವಯ ರಾಜ್ಯ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಎರಡು ವೈದ್ಯಕೀಯ ಮಂಡಳಿಗಳ ಅಭಿಪ್ರಾಯ ಮತ್ತು ಕುಟುಂಬದ ಒಪ್ಪಿಗೆ ಅಗತ್ಯ. ಹಣವಿಲ್ಲವೆಂಬುದು ಇದಕ್ಕೆ ಆಧಾರವಾಗುವುದಿಲ್ಲ.

ಸ್ನಾಯುಕ್ಷಯ ಹಾಗೂ ದೀರ್ಘಕಾಲದ ನರರೋಗಗಳು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವಿಧಗಳಲ್ಲಿ ಸೇರಿವೆ. ಅಂತಹವರು ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಅದು ದೊರೆತ ನಂತರ ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸತಕ್ಕದ್ದು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದಾಗಿದೆ.