ಕೀರ್ದಿಯೊಂದೇ ಸಾಕ್ಷಿಯಾಗದು

ದೀಪಾವಳಿಗೆ ಹೊಸ ಕೀರ್ದಿಯ ಪೂಜೆ ಮಾಡಿ ಮೊದಲ ಪುಟದಲ್ಲಿ ‘ಶ್ರೀ’ ಬರೆಯುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಅದೇ ಕೀರ್ದಿಯನ್ನು ಬಗಲಲ್ಲಿಟ್ಟುಕೊಂಡು ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಬಂದರೆ ಏನು ಮಾಡಬೇಕೆಂಬುದು ಮಾತ್ರ ನಮ್ಮಲ್ಲಿ ಬಹಳ ಜನರಿಗೆ ತಿಳಿಯದು.

ಕೆಲವು ವರ್ಷಗಳ ಹಿಂದೆ ನಮಗೆ ಆ ಪ್ರಸಂಗ ಬಂತು. ಉದ್ರಿ ಮಾಲು ಒಯ್ದ ವ್ಯಾಪಾರಿಯೊಬ್ಬರು ಬಾಕಿಯೇ ಇಲ್ಲವೆಂದರು. ದಿವಾಣಿ ದಾವೆಯಲ್ಲಿ ಪಕ್ಷಗಾರನು ವಕೀಲರಿಲ್ಲದೆ ತಾನೇ ನಿಲ್ಲಬಹುದು. ಬಾಕಿ ಸಣ್ಣದಾದ್ದರಿಂದ ನಾವೇ ನಿಂತೆವು. ಎದುರು ವಕೀಲರ ಮೊದಲ ಪ್ರಶ್ನೆಯೇ, “ಇದನ್ನು ಬರೆದವರು ಯಾರು?” ಎಂದು. ಬರೆದ ಗುಮಾಸ್ತರು ತೀರಿಕೊಂಡಿದ್ದರು. ನಮ್ಮ ಬಾಯಿ ಕಟ್ಟಿತು.

ಆಮೇಲೆ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ. ವ್ಯವಹಾರದ ನಿತ್ಯಕ್ರಮದಲ್ಲಿ ಬರೆದವನು ತೀರಿಹೋಗಿದ್ದರೂ ಅವನ ಬರಹ ಸಾಕ್ಷ್ಯವಾಗುತ್ತದೆ. ಅವನ ಕೈಬರಹ ಬಲ್ಲವರು ಅದನ್ನು ಗುರುತಿಸಿ ಪ್ರಮಾಣ ಮಾಡಿ ಹೇಳಬೇಕು. ಆ ಗುಮಾಸ್ತರ ಪಕ್ಕದಲ್ಲೇ ವರ್ಷಗಟ್ಟಲೆ ಕುಳಿತಿದ್ದ ನಾವು ಹಾಗೆ ಹೇಳಿದೆವು.

ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮು, ಹಳೆಯ ಕಾಯ್ದೆಯಂತೆಯೇ, ಲೆಕ್ಕದ ಪುಸ್ತಕವೊಂದರಿಂದಲೇ ಯಾರ ಮೇಲೂ ಸಾಲ ಹೊರಿಸಲಾಗದೆಂದು ಹೇಳುತ್ತದೆ. ಆಸರೆಗೆ ಬೇರೆ ಪುರಾವೆ ಬೇಕು. ನಮ್ಮನ್ನು ಕಾಪಾಡಿದ್ದು ಲಾರಿ ಪಾವತಿಯ ಮೇಲಿದ್ದ ಎದುರುಪಕ್ಷದವರ ಸಹಿ. ಬಿಡಿ ಚೀಟಿಗಳಲ್ಲಿ ಬರೆದಿಟ್ಟ ಮೂರು ರಕಮುಗಳು ಮಾತ್ರ ಹೋದವು. ಬಿಡಿ ಹಾಳೆ ಲೆಕ್ಕದ ಪುಸ್ತಕವಲ್ಲವೆಂದು ಸುಪ್ರೀಂ ಕೋರ್ಟು 1998ರಲ್ಲೇ ಹವಾಲಾ ಡೈರಿಗಳ ಪ್ರಕರಣದಲ್ಲಿ ಹೇಳಿತ್ತು.

ದಾವೆ ಹಾಕುವಾಗಲೇ ಮೂಲ ಪುಸ್ತಕವನ್ನೂ ಸಂಬಂಧಪಟ್ಟ ನಮೂದಿನ ನಕಲನ್ನೂ ಹಾಜರುಪಡಿಸಬೇಕು. ಕೋರ್ಟಿನವರು ತಾಳೆ ನೋಡಿ, ನಮೂದಿಗೆ ಗುರುತು ಹಾಕಿ, ಪುಸ್ತಕವನ್ನು ಹಿಂದಿರುಗಿಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮವರ ಕೀರ್ದಿ ಕನ್ನಡದಲ್ಲಿದ್ದರೆ ಮರಾಠಿ ಅನುವಾದವನ್ನೂ ಸಿದ್ಧವಿಟ್ಟುಕೊಳ್ಳಬೇಕು.

ಈಗ ಹುಡುಗರು ಮೊಬೈಲಿನಲ್ಲೇ ಲೆಕ್ಕ ಇಡುತ್ತಾರೆ, ವಾಟ್ಸಾಪಿನಲ್ಲೇ ಬಾಕಿ ಕೇಳುತ್ತಾರೆ. ಅದರ ಬರೀ ಪ್ರತಿ ತೆಗೆದು ಒಯ್ದರೆ ಸಾಲದು. 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗವನ್ನು ನಾವು, ಇನ್ನೊಂದನ್ನು ತಜ್ಞರು ತುಂಬಿ ಸಹಿ ಮಾಡಬೇಕು. ಆದ್ದರಿಂದ ಆ ಮೊಬೈಲನ್ನು ಮಾರಬೇಡಿ, ಸಂದೇಶ ಅಳಿಸಬೇಡಿ.

ಮುದ್ದತ್ತನ್ನೂ ಮರೆಯಬಾರದು. ಮಾಲಿನ ಬಾಕಿಗೆ ದಾವೆಯ ಅವಧಿ ಮೂರು ವರ್ಷ. ಅದು ಮುಗಿಯುವುದರೊಳಗೆ ಬಾಕಿದಾರರು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ, ಆ ದಿನದಿಂದ ಹೊಸ ಮೂರು ವರ್ಷ. ವರ್ಷಕ್ಕೊಮ್ಮೆ ಖಾತೆಯ ಕೆಳಗೆ ಸಹಿ ಪಡೆಯಲು ಸಂಕೋಚಪಡಬೇಡಿ. ಅದು ಅಪನಂಬಿಕೆಯಲ್ಲ, ಇಬ್ಬರಿಗೂ ಕ್ಷೇಮ.

ಕೊನೆಗೊಂದು ಮಾತು. ಅವರು ಹಿಂದಿರುಗಿಸಿದ ಎರಡು ಚೀಲಗಳನ್ನು ಗುಮಾಸ್ತರು ಅವರ ಖಾತೆಗೆ ಅಂದೇ ಜಮಾ ಹಾಕಿದ್ದರು. ಅವರಿಗೇ ಆ ನೆನಪಿರಲಿಲ್ಲ. ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ನಮ್ಮ ಪುಸ್ತಕದ ಬಗ್ಗೆ ಯಾರೂ ಅನುಮಾನ ಎತ್ತಲಿಲ್ಲ. ನಮಗೆ ವಿರುದ್ಧವಾದುದನ್ನೂ ಬರೆದಿಡುವುದೇ ಸತ್ಯಾಣುವ್ರತ. ಅಂಗಡಿಯಲ್ಲಿ ಪಾಲಿಸಿದ ವ್ರತ ಕಟಕಟೆಯಲ್ಲಿ ನಮ್ಮ ಪರವಾಗಿ ಮಾತಾಡಿತು.

ಜೈ ಜಿನೇಂದ್ರ.