ಜಂಗಮನ ಜೋಳಿಗೆ, ಜನಪದದ ಏಳಿಗೆ

ಹರಿಹರವನ್ನು ಬಿಟ್ಟು, ತುಂಗಭದ್ರೆಯನ್ನು ದಾಟಿ, ಹುಬ್ಬಳ್ಳಿಯ ಕಡೆಗೆ ಸಾಗುವ ರೈಲುಗಾಡಿಯಲ್ಲಿ ಕುಳಿತ ಪ್ರಯಾಣಿಕನಿಗೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂಬ ಮೂರು ಊರುಗಳು ಒಂದಾದ ಮೇಲೊಂದರಂತೆ ಎದುರಾಗುತ್ತವೆ. ರಾಣೆಬೆನ್ನೂರಿನ ಸುತ್ತ ಹತ್ತಿಯ ಹೊಲಗಳು. ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ನೆಲಕ್ಕೆ ಕೆಂಪು ಜಮಖಾನೆ ಹಾಸಿದಂತೆ ಹರಡಿರುವ ಮೆಣಸಿನಕಾಯಿಯ ರಾಶಿಗಳು. ಹಾವೇರಿಯಲ್ಲಿ ಏಲಕ್ಕಿಯ ಹಾರ. ಈ ಮೂರೂ ಊರುಗಳ ಹೆಸರನ್ನು ನಾಡಿಗೆ ಪರಿಚಯಿಸಿದ ಸರಕುಗಳು ಇವು. ಆದರೆ ಪೇಟೆಯ ದರಪಟ್ಟಿಯಲ್ಲಿ ಕಾಣದ ಇನ್ನೊಂದು ಬೆಳೆಯೂ ಈ ಸೀಮೆಯಲ್ಲಿ ಬೆಳೆದುದುಂಟು. ಅದು, ಲೋಕಕ್ಕಾಗಿ ತಮ್ಮನ್ನು ತೆತ್ತುಕೊಳ್ಳುವಂತೆ ಮನುಷ್ಯರನ್ನು ಸಿದ್ಧಗೊಳಿಸುವ ವಿದ್ಯೆ.

ಈ ಸೀಮೆಯ ಹಳ್ಳಿಗಳಲ್ಲಿ ಮಠವಿಲ್ಲದ ಹಳ್ಳಿಯನ್ನು ಹುಡುಕುವುದು ಸುಲಭವಲ್ಲ. ಮಠಕ್ಕೆ ಒಂದು ಕಟ್ಟಡವುಂಟು, ಎಷ್ಟೋ ಕಡೆ ತುಂಡು ಭೂಮಿಯುಂಟು, ವರ್ಷಕ್ಕೊಂದು ಜಾತ್ರೆಯುಂಟು. ಎಲ್ಲಕ್ಕೂ ಮಿಗಿಲಾಗಿ ಜನರ ನಂಬಿಕೆಯುಂಟು. ಸರಕಾರದ ಅಧಿಕಾರಿ ಹತ್ತು ಸಲ ಹೇಳಿದರೂ ಕದಲದ ಊರು, ಸ್ವಾಮಿಗಳು ಒಂದು ಮಾತು ಹೇಳಿದರೆ ಗುದ್ದಲಿ ಹಿಡಿದು ಕೆರೆಗೆ ಇಳಿಯುತ್ತದೆ. ಆದರೆ ಆ ಒಂದು ಮಾತನ್ನು ಹೇಳಬೇಕೆಂದು ಸ್ವಾಮಿಗಳಿಗೆ ತೋಚಬೇಕಲ್ಲ! ನಂಬಿಕೆ ಒಂದು ಬಂಡವಾಳ ನಿಜ. ಅದನ್ನು ತೊಡಗಿಸಲು ಬಲ್ಲವನಿಲ್ಲದಿದ್ದರೆ ಅದು ಹೂತಿಟ್ಟ ಹೊನ್ನಿನಂತೆ ಯಾರಿಗೂ ಒದಗದು. ಈ ಸತ್ಯವನ್ನು ಒಂದು ನೂರು ವರ್ಷಗಳಿಗೂ ಹಿಂದೆಯೇ ಕಂಡುಕೊಂಡವರು ಇದೇ ಮಣ್ಣಿನಲ್ಲಿ ಹುಟ್ಟಿದ ಒಬ್ಬ ಬಡ ಜಂಗಮರ ಹುಡುಗ.

ಜೋಯಿಸರಹರಳಹಳ್ಳಿಯ ಹಾಲಯ್ಯ

ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಆ ಹುಡುಗನ ಹೆಸರು ಹಾಲಯ್ಯ. ಮನೆಯಲ್ಲಿ ಬಡತನ, ವಿದ್ಯೆಯ ಹಸಿವು ಮಾತ್ರ ಅಪಾರ. ಕಲಿತುದಷ್ಟನ್ನು ಹಳ್ಳಿಯ ಮಕ್ಕಳಿಗೆ ಕಲಿಸುತ್ತ ಕೆಲಕಾಲ ಕಳೆದು, ಹುಬ್ಬಳ್ಳಿಯ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತವನ್ನು ಕೇಳಿ, ಕೊನೆಗೆ ಯಳಂದೂರಿನ ಬಸವಲಿಂಗ ಸ್ವಾಮಿಗಳಲ್ಲಿ ತನ್ನ ಗುರುವನ್ನು ಕಂಡುಕೊಂಡ ಆ ತರುಣ ಮುಂದೆ ಹಾನಗಲ್ಲಿನ ವಿರಕ್ತಮಠದ ಅಧಿಪತಿಯಾದ. ನಾಡು ಅವರನ್ನು ಹಾನಗಲ್ಲ ಕುಮಾರಸ್ವಾಮಿಗಳೆಂದು ಅರಿತಿದೆ.

ಪೀಠವೇರಿದ ಮೇಲೆ ಕುಮಾರಸ್ವಾಮಿಗಳು ಮಠದಲ್ಲಿ ಕೂಡಲಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿದರು. ತಿರುಗಾಟದಲ್ಲಿ ಅವರಿಗೆ ಕಂಡುದೇನು? ಓದು ಬರಹವಿಲ್ಲದ ಹಳ್ಳಿಗಳು, ಸಾಲದಲ್ಲಿ ಮುಳುಗಿದ ಒಕ್ಕಲುಗಳು. ಪಕ್ಕದಲ್ಲಿಯೇ ಬಾಗಿಲು ಮುಚ್ಚಿಕೊಂಡ ಮಠಗಳು. ಸ್ವಾಮಿಯಾಗುವುದೆಂದರೆ ಪಟ್ಟ ಕಟ್ಟಿಸಿಕೊಳ್ಳುವುದು, ಪಾದಪೂಜೆ ಮಾಡಿಸಿಕೊಳ್ಳುವುದು, ಇಷ್ಟೇ ಎಂಬ ಸ್ಥಿತಿ ಎಷ್ಟೋ ಕಡೆ ಉಂಟಾಗಿದ್ದಿತು. ವೈದ್ಯನಾಗಲು ವ್ಯಾಸಂಗ ಬೇಕು, ವಕೀಲನಾಗಲು ಪರೀಕ್ಷೆ ಬೇಕು. ಸಾವಿರಾರು ಜನರ ಬಾಳಿಗೆ ದಾರಿ ತೋರಬೇಕಾದವನಿಗೆ ಮಾತ್ರ ಯಾವ ಶಿಕ್ಷಣವೂ ಬೇಡವೆ?

ಹೊರಗಿನ ಗಾಳಿಯೂ ಆಗ ಬದಲಾಗುತ್ತಿದ್ದಿತು. ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಷ್ಟು ಹಿಂದೆಯೇ ಧಾರವಾಡಕ್ಕೆ ಬಂದು ಶಾಲೆಗಳನ್ನು ತೆರೆದಿದ್ದರು. ತಮ್ಮ ಧರ್ಮಬೋಧಕರಿಗೆ ಮೊದಲು ಕ್ರಮಬದ್ಧವಾದ ತರಬೇತಿಯನ್ನು ಕೊಟ್ಟು ಅನಂತರ ಹಳ್ಳಿಗೆ ಕಳುಹಿಸುವುದು ಅವರ ಪದ್ಧತಿ. ಬಂಗಾಳದಲ್ಲಿ ವಿವೇಕಾನಂದರು 1897ರಲ್ಲಿ ರಾಮಕೃಷ್ಣ ಮಿಶನ್ನನ್ನು ಸ್ಥಾಪಿಸಿ, ಸಂನ್ಯಾಸಿಯ ಕಾವಿಗೆ ಸೇವೆಯ ಅರ್ಥವನ್ನು ಕೊಟ್ಟಿದ್ದರು. ಕನ್ನಡ ನಾಡಿನಲ್ಲಿ ಕುಮಾರಸ್ವಾಮಿಗಳು 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿದರು. ಅಧ್ಯಕ್ಷರಾಗಿದ್ದವರು ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ತೀರಿಕೊಂಡ ಆ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆಂದು ಬರೆದಿಟ್ಟು ಹೋದುದನ್ನು ಉತ್ತರ ಕರ್ನಾಟಕದ ಓದಿದ ಮನೆತನಗಳು ಇಂದಿಗೂ ನೆನೆಯುತ್ತವೆ. ಹಣ ಬಂದಿತು, ಸಭೆಯೂ ಬಂದಿತು. ಇನ್ನು ಬೇಕಾದುದು ಹಳ್ಳಿಹಳ್ಳಿಯಲ್ಲಿ ನಿಂತು ದುಡಿಯುವ ಮನುಷ್ಯರು.

ಮಲಪ್ರಭೆಯ ದಡದಲ್ಲಿ

1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಡದ ಮೇಲೆ, ಶಿವಯೋಗಮಂದಿರವು ತಲೆಯೆತ್ತಿತು. ಹೆಸರಿಗೆ ಮಂದಿರವಾದರೂ ಅದು ಸ್ವಾಮಿಗಳಾಗತಕ್ಕವರ ವಿದ್ಯಾಲಯ. ಎಳೆಯ ವಟುಗಳೂ ಪ್ರಾಯದ ಸಾಧಕರೂ ಅಲ್ಲಿ ವರ್ಷಗಟ್ಟಲೆ ನಿಂತು ಕಲಿಯಬೇಕು. ಕನ್ನಡ, ಸಂಸ್ಕೃತ, ಶಾಸ್ತ್ರ, ಯೋಗ, ಸಂಗೀತ, ಪ್ರವಚನ ಇವು ಪಾಠದ ಭಾಗ. ಗೋಶಾಲೆಯ ಹಸುಗಳ ಆರೈಕೆ, ಗೋಮಯವನ್ನು ಒಣಗಿಸಿ ಸುಟ್ಟು ವಿಭೂತಿಯನ್ನು ಸಿದ್ಧಪಡಿಸುವ ಕೆಲಸ, ತಾಳೆಯೋಲೆಯ ಗ್ರಂಥಗಳ ರಕ್ಷಣೆ ಇವು ಬದುಕಿನ ಭಾಗ. ಮುಂದೆ ತನ್ನ ಪಾದಕ್ಕೆ ಊರೇ ಎರಗಲಿರುವ ಹುಡುಗ ಮೊದಲು ಸೆಗಣಿಯಲ್ಲಿ ಕೈಯಿಡಬೇಕು. ಅಹಂಕಾರವನ್ನು ಕಳೆಯಲು ಇದಕ್ಕಿಂತ ಸರಳವಾದ ಪಾಠವು ಇನ್ನಾವುದಿದ್ದೀತು?

ಶಿಕ್ಷಣವೆಂಬುದು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದಲ್ಲವೆಂಬುದನ್ನು ಕುಮಾರಸ್ವಾಮಿಗಳು ಬಲ್ಲವರಾಗಿದ್ದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಅವರು ಗುರುತಿಸಿ, ಅವನಿಗೆ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದವರು ಅವರೇ. ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಅವರಲ್ಲಿ ಹಿಂದೂಸ್ಥಾನಿ ಪದ್ಧತಿಯನ್ನೂ ಕಲಿತ ಗವಾಯಿಗಳು, ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರೂ ಅನಾಥರೂ ಆದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಅವರ ಆ ಗುರುಕುಲವು ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊರೆಯನ್ನು ಹೊತ್ತವರು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. 2010ರಲ್ಲಿ ಅವರು ಕಣ್ಮರೆಯಾಗುವವರೆಗೆ ಎಷ್ಟು ಅಂಧ ಮಕ್ಕಳು ಅಲ್ಲಿ ಅನ್ನವನ್ನೂ ವಿದ್ಯೆಯನ್ನೂ ಪಡೆದು, ಭಿಕ್ಷಾಪಾತ್ರೆಯ ಬದಲು ತಂಬೂರಿ ಹಿಡಿದು ಸ್ವಾಭಿಮಾನದಿಂದ ಬಾಳಿದರೋ! ಒಬ್ಬನಿಗೆ ಕೊಟ್ಟ ಶಿಕ್ಷಣವು ನೂರು ಮನೆಗಳಿಗೆ ದೀಪವಾಗುವುದೆಂದರೆ ಹೀಗೆ.

ದಾಸೋಹದಿಂದ ವಿದ್ಯಾರ್ಥಿನಿಲಯಕ್ಕೆ

ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಅವರು ಬಿತ್ತಿದ ವಿಚಾರವು ನಾಡಿನ ಮಠಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಚಿಗುರಿತು. ಮಠದ ಪಂಕ್ತಿಯಲ್ಲಿ ಹಬ್ಬಕ್ಕೊಮ್ಮೆ ನಡೆಯುತ್ತಿದ್ದ ದಾಸೋಹವು ವರ್ಷವಿಡೀ ವಿದ್ಯಾರ್ಥಿಗಳಿಗೆ ಉಣಬಡಿಸುವ ಪ್ರಸಾದನಿಲಯವಾಯಿತು. ಧಾರವಾಡದ ಮುರುಘಾಮಠದಲ್ಲಿ ಉಂಡು, ಅಲ್ಲಿಯೇ ಚಾಪೆ ಹಾಸಿ ಮಲಗಿ ಓದಿದ ಬಡ ಹುಡುಗರು ಮುಂದೆ ಉಪಾಧ್ಯಾಯರೂ ಅಧಿಕಾರಿಗಳೂ ಆದ ಕಥೆ ಈ ಭಾಗದ ಅನೇಕ ಕುಟುಂಬಗಳ ಕಥೆ. ಹಾವೇರಿಯಲ್ಲಿ ಹುಕ್ಕೇರಿಮಠವು ಶಿವಬಸವ ಸ್ವಾಮಿಗಳ ಕಾಲದಿಂದ ಊರಿನ ಬಾಳಿನೊಡನೆ ಬೆರೆತುಕೊಂಡಿತು. ಅದೇ ಊರಿನ ಸಿಂದಗಿ ಮಠವು ವಟುಗಳ ಪಾಠಶಾಲೆಯೆಂದು ಹೆಸರಾಯಿತು. ಮಠವೆಂಬ ಮಾತಿನ ಹಳೆಯ ಅರ್ಥವೇ ಓದುವವರ ಬೀಡು ಎಂದಲ್ಲವೆ? ಆ ಅರ್ಥವು ಮರಳಿ ಬಂದಿತು.

ಇಲ್ಲಿ ಒಂದು ಹೋಲಿಕೆಯು ಉಪಯುಕ್ತವಾದೀತು. ಸ್ವತಂತ್ರ ಭಾರತದ ಸರಕಾರವು 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆಯನ್ನು ಆರಂಭಿಸಿ, ಗ್ರಾಮಸೇವಕರಿಗೆ ತರಬೇತಿಯನ್ನು ಕೊಟ್ಟು ಹಳ್ಳಿಗಳಿಗೆ ಕಳುಹಿಸಿತು. ಉದ್ದೇಶವು ಉದಾತ್ತವಾಗಿದ್ದಿತು. ಆದರೆ ಐದೇ ವರ್ಷಗಳಲ್ಲಿ, 1957ರಲ್ಲಿ, ಬಲವಂತರಾಯ ಮೆಹತಾ ಸಮಿತಿಯು ಪರಿಶೀಲಿಸಿ ನೋಡಿದಾಗ, ಈ ಕಾರ್ಯದಲ್ಲಿ ಜನರ ಸ್ವಂತ ಉತ್ಸಾಹವನ್ನು ಎಬ್ಬಿಸಲಾಗಿಲ್ಲವೆಂಬುದು ಹೊರಬಿದ್ದಿತು. ಗ್ರಾಮಸೇವಕನಿಗೆ ತಿಳಿವಳಿಕೆಯಿದ್ದಿತು, ಊರಿನ ನಂಬಿಕೆಯನ್ನು ಗಳಿಸುವಷ್ಟರಲ್ಲಿ ಅವನಿಗೆ ವರ್ಗವಾಗುತ್ತಿದ್ದಿತು. ಸ್ವಾಮಿಗೆ ವರ್ಗವಿಲ್ಲ, ಅವನು ಬದುಕಿರುವವರೆಗೆ ಆ ಊರಿನವನೇ. ಆತನಲ್ಲಿ ತಿಳಿವಳಿಕೆಯೂ ಕೂಡಿದರೆ ಊರಿನ ಭಾಗ್ಯ. ಕೂಡದಿದ್ದರೆ? ಅವನನ್ನು ವರ್ಗ ಮಾಡುವವರೂ ಇಲ್ಲ! ಮಠಾಧಿಪತಿಗೆ ಶಿಕ್ಷಣವು ಅಲಂಕಾರವಲ್ಲ, ಅನಿವಾರ್ಯ ಎಂಬುದರ ಕಾರಣವು ಇದೇ.

ಒಬ್ಬನಿಂದ ಹಲವರಿಗೆ

ಆದರೂ ಈ ಪದ್ಧತಿಗೆ ಮಿತಿಗಳಿಲ್ಲದಿಲ್ಲ. ಶಿವಯೋಗಮಂದಿರದ ಸಾಧಕರೆಲ್ಲರೂ ಗಂಡುಮಕ್ಕಳು. ಊರಿನ ಅರ್ಧ ಭಾಗವಾದ ಹೆಣ್ಣುಮಕ್ಕಳು ಮಠದ ಅಂಗಳದಲ್ಲಿ ಕೇಳುವವರಾಗಿ ಉಳಿದರೇ ವಿನಾ ಹೇಳುವವರಾಗಲಿಲ್ಲ. ಮಠದ ನೆರಳು ತನ್ನ ಒಕ್ಕಲಿನ ಮೇಲೆ ದಟ್ಟವಾಗಿ ಬಿದ್ದಷ್ಟು ಹೊರಗಿನವರ ಮೇಲೆ ಬೀಳಲಿಲ್ಲ. ಮಠದ ಆಸರೆಯಿಲ್ಲದ ಸಮುದಾಯಗಳು ಕಾಲಕ್ರಮದಲ್ಲಿ ತಮ್ಮದೇ ಪೀಠಗಳನ್ನು ಕಟ್ಟಿಕೊಂಡುವು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ, ಕನಕದಾಸರು ತಮ್ಮ ಆದಿಕೇಶವನನ್ನು ನೆನೆದ ನೆಲದಲ್ಲಿ, 1992ರಲ್ಲಿ ಕನಕ ಗುರುಪೀಠವು ಸ್ಥಾಪನೆಗೊಂಡುದು ಇದಕ್ಕೆ ನಿದರ್ಶನ. ಹಿಂದುಳಿದ ಜನವೊಂದು ತನ್ನ ಮಕ್ಕಳ ವಿದ್ಯೆಗೂ ಏಳಿಗೆಗೂ ತನ್ನ ಗುರುವನ್ನೇ ಮುಂದಿಟ್ಟುಕೊಂಡು ನಡೆಯಬಯಸಿದುದು ಸಹಜವೇ ಆಗಿದೆ.

ಇನ್ನೊಂದು ಮಿತಿಯು ಇದಕ್ಕಿಂತಲೂ ಆಳವಾದುದು. ಎಲ್ಲವೂ ಒಬ್ಬ ವ್ಯಕ್ತಿಯ ಮೇಲೆ ನಿಂತಾಗ, ಆ ವ್ಯಕ್ತಿ ಇಲ್ಲವಾದ ದಿನ ಊರಿನ ಕೈ ನಿಂತುಹೋಗುತ್ತದೆ. ಇದಕ್ಕೆ ಬೇರೊಂದು ದಿಕ್ಕಿನಿಂದ ಉತ್ತರವನ್ನು ಹುಡುಕಿದುದು ದಕ್ಷಿಣ ಕನ್ನಡದ ಧರ್ಮಸ್ಥಳ. ಶಿವನ ಸಾನ್ನಿಧ್ಯ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಕೂಡಿರುವ ಆ ಕ್ಷೇತ್ರದ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಅಲ್ಲಿ ಶಿಕ್ಷಣವು ಗುರುವಿಗಲ್ಲ, ಭಕ್ತನಿಗೆ. ನೆರೆಹೊರೆಯ ಸಣ್ಣ ರೈತರು ಒಂದು ಚಿಕ್ಕ ‘ಪ್ರಗತಿಬಂಧು’ ತಂಡವಾಗಿ ಕೂಡಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಹೊಲದಲ್ಲಿ ಎಲ್ಲರೂ ದುಡಿಯುತ್ತಾರೆ. ನಮ್ಮ ಹಳ್ಳಿಗರ ಹಳೆಯ ‘ಮುಯ್ಯಾಳು’ ಪದ್ಧತಿಗೆ ಹೊಸ ಲೆಕ್ಕದ ಪುಸ್ತಕವು ಕೂಡಿದಂತೆ! ಲೆಕ್ಕ ಬರೆಯುವುದು, ಸಭೆ ನಡೆಸುವುದು, ಉಳಿತಾಯ ಮಾಡುವುದು ಇವುಗಳನ್ನು ತಂಡದವರೇ ಕಲಿಯುತ್ತಾರೆ. ಮುಂದೆ ಮಹಿಳೆಯರ ಸಂಘಗಳೂ, ಮದ್ಯವರ್ಜನ ಶಿಬಿರಗಳೂ, ಕೆರೆಗಳ ಹೂಳೆತ್ತುವ ಕಾರ್ಯವೂ ಸೇರಿಕೊಂಡುವು. ಯೋಜನೆಯು ಘಟ್ಟವನ್ನು ಹತ್ತಿ ಹಾವೇರಿ ಜಿಲ್ಲೆಗೂ ಬಂದಿತು. ಒಂದು ಕಾಲಕ್ಕೆ ಜಾತ್ರೆಯ ದಿನ ಮಾತ್ರ ಹೊಸಿಲು ದಾಟುತ್ತಿದ್ದ ಗೃಹಿಣಿಯು ಇಂದು ವಾರದ ಸಭೆಗೆ ಹೋಗುತ್ತಾಳೆ, ಹಣದ ಲೆಕ್ಕವನ್ನು ಕೇಳುತ್ತಾಳೆ. ಕೇಳಿದ ಲೆಕ್ಕಕ್ಕೆ ಉತ್ತರವನ್ನು ಪಡೆಯುವುದು ಅವಳ ಹಕ್ಕು. ಸಾಲವನ್ನು ಕೊಡುವವರು ಯಾರೇ ಆಗಲಿ, ಆ ಹಕ್ಕನ್ನು ಮರೆಯಬಾರದು. ಧರ್ಮದ ಹೆಸರಿನಲ್ಲಿ ನಡೆಯುವ ಕೆಲಸಕ್ಕೆ ಲೆಕ್ಕದ ಶುಚಿಯು ಇಮ್ಮಡಿಯಾಗಿ ಬೇಕು.

ಜೋಯಿಸರಹರಳಹಳ್ಳಿಯ ದಾರಿ ಮತ್ತು ಬೆಳ್ತಂಗಡಿಯ ದಾರಿ ಒಂದಕ್ಕೊಂದು ಎದುರಾದುವಲ್ಲ. ಮೊದಲನೆಯದು ನಂಬಿಕೆಗೆ ಪಾತ್ರನಾದ ಒಬ್ಬನನ್ನು ಅದಕ್ಕೆ ತಕ್ಕವನನ್ನಾಗಿ ಮಾಡುತ್ತದೆ. ಎರಡನೆಯದು ನಂಬಿದ ಹಲವರನ್ನು ತಮ್ಮ ಕಾಲ ಮೇಲೆ ನಿಲ್ಲಿಸುತ್ತದೆ. ಮಠವೇ ಇರಲಿ, ಮಸೀದಿಯೇ ಇರಲಿ, ಇಗರ್ಜಿಯೇ ಇರಲಿ, ಜನರ ಏಳಿಗೆಗೆ ಮುಂದಾಗುವ ಯಾವ ಧಾರ್ಮಿಕ ಸಂಸ್ಥೆಗೂ ಈ ಎರಡು ಪಾಠಗಳೂ ಬೇಕು. ಮುಂದಾಳುವಿಗೆ ಮೊದಲು ಕಲಿಸಬೇಕು. ಕಲಿತ ಮುಂದಾಳು ತಾನಿಲ್ಲದಿದ್ದರೂ ನಡೆಯುವಂತೆ ಊರಿಗೆ ಕಲಿಸಬೇಕು.

ಜಾತ್ರೆಯ ದಿನ ತೇರನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಸ್ವಾಮಿಗಳು ತೇರಿನ ಮುಂದೆ ನಿಂತು ಮೊದಲ ಕಾಯಿಯನ್ನು ಒಡೆಯಬಹುದು. ಮಿಣಿಯನ್ನು ಹಿಡಿದು ಎಳೆಯುವವರು ಊರಿನ ಜನ. ಕೈಗಳು ಹೆಚ್ಚಿದಷ್ಟೂ ತೇರು ಹಗುರ. ರಾಣೆಬೆನ್ನೂರಿನ ಸೀಮೆಯ ಬಡ ಹುಡುಗನೊಬ್ಬನು ನೂರು ವರ್ಷಗಳ ಹಿಂದೆ ಜೋಳಿಗೆ ಹಿಡಿದು ಹೊರಟುದು ಆ ಕೈಗಳನ್ನು ಕೂಡಿಸುವುದಕ್ಕಾಗಿಯೇ. ತೇರು ಇನ್ನೂ ಬೀದಿಯಲ್ಲಿದೆ, ಮಿಣಿಯೂ ಉದ್ದವಾಗಿದೆ.